ಪ್ರತ್ಯೇಕ ರಾಜ್ಯದ ಅರ್ಜಿಗೆ ನಾನು ಯಾಕ ಸಹಿ ಮಾಡ್ಲಿಲ್ಲ



ಪೋಸ್ಟ್ ಸ್ವಲ್ಪ ಉದ್ದ ಅದ. ಪುರುಸೊತ್ತು ಮಾಡ್ಕೊಂಡು ಓದ್ರಿ, ಆಮೇಲೆ ಬೈಯೋದಿದ್ರ ಬೈರಿ.

ಹೋದ ಭಾನುವಾರ ಟಿಕೋಟಾದಾಗ ನಮ್ಮ ಅಣ್ಣನ ಮನ್ಯಾಗ ಇದ್ದೆ. ನಾಲ್ಕು ಹುಡುಗರು ಒಂದು ಅರ್ಜಿ ಹಿಡ್ಕೊಂಡು ಬಂದ್ರು. ಅದರಾಗ ಒಬ್ಬಾವ ನಮ್ಮ ಅಣ್ಣನ ಮಗನ. "ಅತ್ತೀ, ಉತ್ತರ ಕರ್ನಾಟಕ ಪ್ರತ್ಯೇಕ ರಾಜ್ಯ ಆಗಬೇಕು ಅಂತ ಸಹಿ ತಗೊಳಾಕತ್ತೀವಿ. ನಮ್ಮ ಓಣ್ಯಾಗ ಮೊದಲ ಸಹಿ ನಿನ್ನದ ಆಗ್ಬೇಕು" ಅಂದ. ನಾನು ಅರ್ಜಿ ಎರಡು ಸಲ ಓದಿ, ಮಡಚಿ ಅವನ ಕೈಯಾಗ ಕೊಟ್ಟೆ. ಸಹಿ ಮಾಡ್ಲಿಲ್ಲ. ಸಂಜಿಗೆ ವಾಟ್ಸಾಪ್ ಗ್ರೂಪಿನ್ಯಾಗ ಒಬ್ಬರು "ಅಕ್ಕಾರು ಬೆಂಗಳೂರು ಕಡೆ ಆಗ್ಯಾರ" ಅಂತ ಹಾಕಿದ್ರು. ಅದಕ್ಕ ಇದನ್ನ ಬರೀಲಿಕ್ಕೆ ಕುಂತೀನಿ.

ಮೊದಲು ಹುಡುಗರ ಮಾತಿನ್ಯಾಗ ಇರೋ ಖರೇ ಸಂಗತಿ ಒಪ್ಪಿಕೊಳ್ತೀನಿ. ನಮ್ಮ ಭಾಗಕ್ಕೆ ಅನ್ಯಾಯ ಆಗಿದೆ. ಇದು ಬರೀ ಭಾಷಣದ ಮಾತಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಕೊಟ್ಟಾಗ 114 ತಾಲ್ಲೂಕು ಹಿಂದುಳಿದಿವೆ ಅಂತ ಹೇಳಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ ಹೆಚ್ಚಿನವು ನಮ್ಮ ಉತ್ತರದವೇ. 371(ಜೆ) ಬಂತು, ಅದು ಕಲಬುರಗಿ ಕಡೆಯ ಜಿಲ್ಲೆಗಳಿಗೆ ಸಿಕ್ಕಿತು. ನಾವು 1956ಕ್ಕಿಂತ ಮೊದಲು ಮುಂಬೈ ಪ್ರಾಂತ್ಯದಾಗ ಇದ್ದವರು ಅಂತ ವಿಜಯಪುರಕ್ಕೆ ಸಿಗಲಿಲ್ಲ. ಸಿಂದಗಿ ದಾಟಿ ಜಿಲ್ಲಾ ಗಡಿ ಆಚೆ ಹುಟ್ಟಿದ ಹುಡುಗನಿಗೆ ನೌಕರಿಯೊಳಗ ಮೀಸಲು ಸಿಗ್ತದ, ಈಚೆ ಹುಟ್ಟಿದವನಿಗೆ ಇಲ್ಲ. ಬೆಳಗಾವಿಯಲ್ಲಿ 2012ರಲ್ಲಿ ಸುವರ್ಣ ವಿಧಾನಸೌಧ ಕಟ್ಟಿ ನಿಲ್ಲಿಸಿದರು. ವರ್ಷಕ್ಕೊಮ್ಮೆ ಚಳಿಗಾಲದಾಗ ಅಧಿವೇಶನ ಜಾತ್ರಿ ಹಂಗ ನಡೀತದ, ಮುಗೀತದ. 2014ರಲ್ಲಿ ಬಿಜಾಪುರ ವಿಜಯಪುರ ಆಯ್ತು. 2021ರಲ್ಲಿ ಮುಂಬೈ ಕರ್ನಾಟಕ ಕಿತ್ತೂರು ಕರ್ನಾಟಕ ಆಯ್ತು. ಹೆಸರು ಬದಲಾದವು, ನಮ್ಮ ಹುಡುಗರು ಪುಣೆ, ಗೋವಾಕ್ಕೆ ದುಡಿಲಿಕ್ಕೆ ಹೋಗೋದು ನಿಲ್ಲಲಿಲ್ಲ.

ಇಷ್ಟೆಲ್ಲ ಒಪ್ಪಿ ಸಹಿ ಯಾಕ ಮಾಡ್ಲಿಲ್ಲ? ಯಾಕಂದ್ರ ಆ ಅರ್ಜಿಯೊಳಗ ಮಹದಾಯಿ ಇತ್ತು, ಆಲಮಟ್ಟಿ ಇತ್ತು, ರೈಲು ಇತ್ತು, ವಿಮಾನ ನಿಲ್ದಾಣ ಇತ್ತು. ಕೇರಿ ಇರಲಿಲ್ಲ. "ದಲಿತ" ಅನ್ನೋ ಒಂದು ಶಬ್ದ ಇರಲಿಲ್ಲ. ಹೊಸ ರಾಜ್ಯ ಆದ ಮರುದಿನ ನನ್ನ ಅಣ್ಣನ ಮನಿಯೊಳಗ ಏನು ಬದಲಾಗ್ತದ ಅನ್ನೋದಕ್ಕೆ ಅದರಾಗ ಉತ್ತರ ಇರಲಿಲ್ಲ.

ಟಿಕೋಟಾ, ಬಬಲೇಶ್ವರ ಭಾಗ ನೋಡಿದವರಿಗೆ ಗೊತ್ತದ. ಇಪ್ಪತ್ತು ವರ್ಷದ ಹಿಂದೆ ಹೆಂಗಿತ್ತು, ಈಗ ಹೆಂಗೈತಿ. ಕೃಷ್ಣಾ ನೀರು ಎತ್ತಿ ಕೆರೆ ತುಂಬಿಸಿದರು, ತುಬಚಿ-ಬಬಲೇಶ್ವರ ಏತ ನೀರಾವರಿ ಬಂತು. ಎಂ.ಬಿ. ಪಾಟೀಲರು ನೀರಾವರಿ ಮಂತ್ರಿ ಇದ್ದಾಗ ಆದ ಕೆಲಸ ಅದು, ಅವರ ರಾಜಕಾರಣ ಒಪ್ಪದವರೂ ನೀರನ್ನ ಒಪ್ಪಲೇಬೇಕು. ಬಾವಿ, ಬೋರುಗಳಿಗೆ ಜೀವ ಬಂತು. ದ್ರಾಕ್ಷಿ ಪಡ ಹೆಚ್ಚಿದವು, ಒಣದ್ರಾಕ್ಷಿ ಶೆಡ್ ಎದ್ದವು.

ಆದ್ರ ನೀರು ಹರಿಯೋದು ಹೊಲಕ್ಕ. ಹೊಲ ಇಲ್ಲದವನ ಮನಿಗೆ ಅದು ಹರಿಯೋದಿಲ್ಲ. ನಮ್ಮ ವೈನಿ ಏಪ್ರಿಲ್ ಚಾಟ್ನಿಗೂ ಹೋಗ್ತಾಳ, ಅಕ್ಟೋಬರ್ ಚಾಟ್ನಿಗೂ ಹೋಗ್ತಾಳ. ಮೊದಲು ಜ್ವಾಳದ ಹೊಲದಾಗ ಕೂಲಿ, ಈಗ ದ್ರಾಕ್ಷಿ ಪಡದಾಗ ಕೂಲಿ. ಕೂಲಿ ಒಂದಿಷ್ಟು ಹೆಚ್ಚಾಗಿದೆ, ಅದು ಸುಳ್ಳಲ್ಲ. ಆದ್ರ ನೀರು ಬಂದ ಮ್ಯಾಲ ಎಕರೆ ರೇಟು ಏರಿ, ಭೂಮಿ ಕೊಳ್ಳೋ ಕನಸು ಮೊದಲಿಗಿಂತ ದೂರ ಹೋಯ್ತು. ಸರ್ಕಾರದ ಭೂ ಒಡೆತನ ಯೋಜನೆಯೊಳಗ ಸಿಗೋ ರೊಕ್ಕಕ್ಕ ಇಲ್ಲಿ ನೀರಾವರಿ ಭೂಮಿ ಕೊಡೋರು ಯಾರು? ಅಂದ್ರ ಪ್ರದೇಶ ಉದ್ಧಾರ ಆದಾಗ ಕೇರಿ ತಾನಾಗೇ ಉದ್ಧಾರ ಆಗೋದಿಲ್ಲ. ಇದು ನನಗೆ ಪುಸ್ತಕ ಕಲಿಸಿದ ಪಾಠ ಅಲ್ಲ, ನಮ್ಮ ವೈನಿ ಕೈಯಾಗಿನ ಕತ್ರಿ ಕಲಿಸಿದ್ದು.

ಬಾಬಾಸಾಹೇಬರು 1955ರಲ್ಲಿ ಭಾಷಾವಾರು ರಾಜ್ಯಗಳ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದರು. ಪ್ರತ್ಯೇಕ ರಾಜ್ಯ ಕೇಳೋ ನಮ್ಮ ಹುಡುಗರು ಅದರ ಅರ್ಧ ಮಾತ್ರ ಹೇಳ್ತಾರ. ಹೌದು, ಬಾಬಾಸಾಹೇಬರು ಸಣ್ಣ ರಾಜ್ಯಗಳ ಪರ ಇದ್ದರು. ಉತ್ತರ ಪ್ರದೇಶ ಮೂರು ಆಗಲಿ, ಬಿಹಾರ, ಮಧ್ಯಪ್ರದೇಶ ಎರಡೆರಡು ಆಗಲಿ ಅಂದಿದ್ದರು. 2000ದಲ್ಲಿ ಜಾರ್ಖಂಡ್, ಛತ್ತೀಸಗಡ ಆದಾಗ ಅವರ ಮಾತು ಮತ್ತೆ ನೆನಪಾಯ್ತು. ಆದರೆ ಅದೇ ಪುಸ್ತಕದಲ್ಲಿ ಇನ್ನೊಂದು ಎಚ್ಚರಿಕೆ ಇದೆ. ಒಂದೊಂದು ಪ್ರಾಂತ್ಯದಲ್ಲಿ ಒಂದು ದೊಡ್ಡ ಜಾತಿ ಇರ್ತದ, ರಾಜ್ಯ ಅದರ ಕೈಗೆ ಹೋಗ್ತದ, ಆಗ ಸಣ್ಣ ಸಮುದಾಯಗಳ ಗತಿ ಏನು ಅಂತ ಕೇಳಿದ್ದರು. ನಾನು ಕೇಳ್ತಿರೋದೂ ಅದನ್ನ. ಹೊಸ ರಾಜ್ಯದಾಗ ಕುರ್ಚಿ ಯಾರದು?

ಅಖಂಡ ಬಿಜಾಪುರ ಜಿಲ್ಲೆ ಮುಖ್ಯಮಂತ್ರಿಗಳನ್ನ ಕಂಡಿಲ್ಲ ಅಂತಲ್ಲ. ಬಿ.ಡಿ. ಜತ್ತಿ ಆದರು, ಎಸ್.ಆರ್. ಕಂಠಿ ಆದರು. ಉತ್ತರ ಕರ್ನಾಟಕದಿಂದ ವೀರೇಂದ್ರ ಪಾಟೀಲ, ಬೊಮ್ಮಾಯಿ ತಂದೆ-ಮಗ, ಶೆಟ್ಟರ್ ಆದರು. ಸತತ ಒಂಬತ್ತು ಸಲ ವಿಧಾನಸಭೆಗೆ ಗೆದ್ದ ಮಲ್ಲಿಕಾರ್ಜುನ ಖರ್ಗೆ ಆಗಲಿಲ್ಲ. ಖರ್ಗೆಯವರೂ ಉತ್ತರ ಕರ್ನಾಟಕದವರೇ ಅಲ್ವಾ? ಆಗ "ನಮ್ಮ ಭಾಗಕ್ಕೆ ಅನ್ಯಾಯ" ಅಂತ ಎಷ್ಟು ಮಂದಿ ಬಂದ್ ಕರೆ ಕೊಟ್ಟರು? ನಮ್ಮ ಲೋಕಸಭಾ ಕ್ಷೇತ್ರ 2009ರ ಚುನಾವಣೆಯಿಂದ ಮೀಸಲು. ರಮೇಶ ಜಿಗಜಿಣಗಿಯವರು ಸತತ ನಾಲ್ಕು ಸಲ ಗೆದ್ದಾರ. ಅವರ ಪಕ್ಷದ ಬಗ್ಗೆ ನನ್ನ ಅಭಿಪ್ರಾಯ ನಿಮಗೆಲ್ಲ ಗೊತ್ತು. ಆದರೆ ಪ್ರಶ್ನೆ ಒಬ್ಬರದಲ್ಲ. ಮೀಸಲು ಕ್ಷೇತ್ರದಾಗ ನಮ್ಮವನು ಗೆದ್ದರೂ, ಅವನಿಗೆ ಟಿಕೆಟ್ ಕೊಡಿಸೋ ಕೈ ನಮ್ಮದಲ್ಲ. ರಾಜಧಾನಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಬಂದ್ರ ಆ ಕೈ ಬದಲಾಗ್ತದೇನು?

ಸಿನಿಮಾದ ಮಾತಿಗೆ ಬರೋಣ. ಹುಡುಗರು ಅದನ್ನೂ ಎತ್ತಿದ್ರು. "ಅತ್ತೀ, ಸಿನಿಮಾದಾಗ ನಮ್ಮ ಭಾಷೆ ಅಂದ್ರ ಬರೀ ಕಾಮಿಡಿ. ಹೀರೋ ಮೈಸೂರು ಭಾಷೆ ಮಾತಾಡ್ತಾನ, ನಗಿಸೋನು ನಮ್ಮ ಭಾಷೆ ಮಾತಾಡ್ತಾನ." ನೂರಕ್ಕೆ ನೂರು ಖರೇ. ನನಗೂ ಸಿಟ್ಟದ. ಆದ್ರ ನಾನು ಅವನಿಗೆ ಕೇಳ್ದೆ: ಉತ್ತರ ಕರ್ನಾಟಕದವ ಕಾಮಿಡಿಗಾದ್ರೂ ಪರದೆ ಮ್ಯಾಲ ಬರ್ತಾನ, ಕೇರಿಯವ ಯಾವಾಗ ಬರ್ತಾನ? 1975ರ "ಚೋಮನ ದುಡಿ"ಗೆ ರಾಷ್ಟ್ರಪ್ರಶಸ್ತಿ ಬಂತು. ಚೋಮನಿಗೆ ಬೇಕಾಗಿದ್ದು ಒಂದು ತುಂಡು ಭೂಮಿ, ತಾನೇ ಬೇಸಾಯ ಮಾಡಬೇಕು ಅಂತ. ಅವನಿಗೆ ಅದು ಸಿಗಲಿಲ್ಲ. ಕತೆ ಕರಾವಳಿಯದು, ಆಸೆ ಟಿಕೋಟಾದ್ದು. ಎಷ್ಟೋ ವರ್ಷ ಆದಮೇಲೆ 2023ರ "ಕಾಟೇರ" ಭೂಸುಧಾರಣೆಯನ್ನ ಸ್ಟಾರ್ ಸಿನಿಮಾದೊಳಗ ತಂತು. ಹೊಡೆದಾಟ ಬಹಳಾಯ್ತು, ಆದರೂ ಜಾತಿ ಮತ್ತು ಭೂಮಿ ಒಂದೇ ಗಂಟು ಅಂತ ಥೇಟರ್ ತುಂಬ ಜನರ ಮುಂದೆ ಹೇಳಿತು. ಅಷ್ಟಕ್ಕೆ ನಾನು ಚಪ್ಪಾಳೆ ಹೊಡೆದೀನಿ.

ನನಗೆ ನನ್ನ ಮಣ್ಣಿನ ಸಿನಿಮಾ ಸಿಕ್ಕಿದ್ದು ಕನ್ನಡದಾಗ ಅಲ್ಲ, ಮರಾಠಿಯೊಳಗ. ನಾಗರಾಜ ಮಂಜುಳೆ ಸೋಲಾಪುರ ಜಿಲ್ಲೆಯವರು. ವಿಜಯಪುರದಿಂದ ಸೋಲಾಪುರ ಬಸ್ಸಿನ್ಯಾಗ ಒಂದು ನಿದ್ದಿ ತೆಗೆಯೋವಷ್ಟು ದೂರ. "ಫ್ಯಾಂಡ್ರಿ"ಯೊಳಗ ಹಂದಿ ಹೊತ್ತ ಹುಡುಗ ಶಾಲಿ ಗ್ವಾಡಿ ಮ್ಯಾಲಿನ ಬಾಬಾಸಾಹೇಬರ ಚಿತ್ರ ದಾಟಿ ಹೋಗೋದನ್ನ ನೋಡಿ ನಾನು ಎದ್ದು ಹೊರಗ ಬಂದಿದ್ದೆ. ಕುಂತು ನೋಡೋದು ಆಗಲಿಲ್ಲ. "ಸೈರಾಟ್" ಬಂದಾಗ ನಮ್ಮ ಕಡೆ ಮರಾಠಿ ಬಾರದ ಹುಡುಗರೂ ಕುಣಿದರು. 2017ರಲ್ಲಿ ಅದು "ಮನಸು ಮಲ್ಲಿಗೆ" ಅಂತ ಕನ್ನಡಕ್ಕೆ ಬಂತು, ಅದೇ ರಿಂಕು ರಾಜಗುರು ನಟಿಸಿದರು. ನನ್ನ ಮಟ್ಟಿಗೆ ಹಾಡು ಬಂತು, ಹುಡುಗಿ ಬಂದಳು, ಮಣ್ಣು ಬರಲಿಲ್ಲ. ನಮ್ಮದೇ ಮುದ್ದೇಬಿಹಾಳದ ಅರವಿಂದ ಮಾಲಗತ್ತಿಯವರ "ಗೌರ್ಮೆಂಟ್ ಬ್ರಾಹ್ಮಣ" ಓದಿದಾಗೆಲ್ಲ ಇದನ್ನ ನಮ್ಮ ಭಾಷೆಯೊಳಗ, ನಮ್ಮ ಊರಾಗ, ದೊಡ್ಡ ಪರದೆ ಮ್ಯಾಲ ನೋಡಬೇಕು ಅನಸ್ತದ.

2020ರ ಲಾಕ್‌ಡೌನ್ ನೆನಪಿದೆಯಾ? ಜೀ ಕನ್ನಡದಾಗ "ಮಹಾನಾಯಕ" ಶುರುವಾಯ್ತು. ಡಬ್ಬಿಂಗ್ ಧಾರಾವಾಹಿ. ಆದರೂ ಊರೂರಾಗ ನಮ್ಮ ಹುಡುಗರು ದುಡ್ಡು ಕೂಡಿಸಿ ಫ್ಲೆಕ್ಸ್ ಹಾಕಿದರು. ಒಂದು ಧಾರಾವಾಹಿಗೆ ಕೇರಿ ಮಂದಿ ತಮ್ಮ ಕೂಲಿ ರೊಕ್ಕದಾಗ ಪ್ರಚಾರ ಮಾಡಿದ್ದನ್ನ ನಾನು ಬ್ಯಾರೆ ಎಲ್ಲೂ ನೋಡಿಲ್ಲ. ನಮ್ಮ ಕತೆಗೆ ನೋಡೋರಿಲ್ಲ ಅನ್ನೋ ಗಾಂಧಿನಗರದ ಮಾತಿಗೆ ಆ ಫ್ಲೆಕ್ಸ್‌ಗಳೇ ಉತ್ತರ.

ಇನ್ನು ಹಾಡು. ಇಲ್ಲಿ ನಮ್ಮ ಸಂಗಾತಿಗಳ ಜೊತೆಗೇ ನನ್ನ ಜಗಳ. ನಮ್ಮಪ್ಪ ಹಲಗಿ ಬಾರಿಸ್ತಿದ್ದ. ಸಾವಿಗೆ, ಜಾತ್ರಿಗೆ, ಡಂಗುರಕ್ಕ. ಪ್ರತಿಫಲ ಅಂದ್ರ ಸುಗ್ಗಿಯೊಳಗ ಕಣದ ಮೂಲ್ಯಾಗ ನಿಂತು ಬೇಡಿ ತರೋ ಆಯ. ಸಂಘರ್ಷ ಸಮಿತಿಯವರು ನಮ್ಮ ಕೇರಿಗೆ ಬಂದು ಮಾತಾಡಿದ ವರ್ಷ ಹಲಗಿ ಬಿಟ್ಟ, ಆಯಾನೂ ಹೋಯ್ತು. ಆ ವರ್ಷ ನಾವು ಹಸಿದೀವಿ, ಅಪ್ಪ ಮತ್ತ ಹಲಗಿ ಮುಟ್ಟಲಿಲ್ಲ. ಇವತ್ತು ಅದೇ ಹಲಗಿ ಪೆಟ್ಟು ಡಿಜೆಯೊಳಗ ಬರ್ತದ, ಗೌಡರ ಹುಡುಗನೂ ಕುಣೀತಾನ, ಕೇರಿ ಹುಡುಗನೂ ಕುಣೀತಾನ. ಯೂಟ್ಯೂಬಿನ ಜಾನಪದ ಹಾಡುಗಳು ನಮ್ಮ ಭಾಗದ ಹುಡುಗರಿಗೆ ಬೆಂಗಳೂರಿನ ಅಪ್ಪಣೆ ಇಲ್ಲದೆ ಹೆಸರು ಕೊಟ್ಟಾವ. ಚಿಲ್ಲೂರು ಬಡ್ನಿ ತಾಂಡಾದ ಹನುಮಂತ ಕುರಿ ಕಾಯ್ಕೊಂತ ಹಾಡಿ 2025ರಲ್ಲಿ ಬಿಗ್‌ಬಾಸ್ ಗೆದ್ದ. ನನಗೆ ಖುಷಿ ಆಯ್ತು.

ಆದ್ರ ಆ ಹಾಡುಗಳ ಸಾಹಿತ್ಯ ಕೇಳ್ರಿ. ಹುಡುಗಿ ಕೈ ಕೊಟ್ಟಳು, ಹುಡುಗಿ ಮೋಸ ಮಾಡಿದಳು. ಅದು ಬಿಟ್ರ ಜಾತಿಗೊಂದು ಹಾಡು, ನಮ್ಮ ಜಾತಿ ಹುಲಿ, ನಮ್ಮ ಜಾತಿ ಸಿಂಹ. ಏಪ್ರಿಲ್ 14ರ ಮೆರವಣಿಗೆಯೊಳಗೂ ಭೀಮಗೀತೆ ಎರಡು, ಇಂಥವು ಇಪ್ಪತ್ತು. ಸಿದ್ಧಲಿಂಗಯ್ಯನವರ ಹಾಡು ಹೇಳ್ಕೊಂತ ಬೆಳೆದ ನಮ್ಮ ಹಿರಿಯ ಸಂಗಾತಿಗಳು "ಡಿಜೆ ಬಂದ್ ಮಾಡ್ರಿ" ಅಂತಾರ. ನಾನು ಹಂಗ ಅನ್ನೋದಿಲ್ಲ. ಅಗಸಿ ದಾಟಿ ಚಪ್ಪಲಿ ಹಾಕ್ಕೊಂಡು ಹೋಗಲಿಕ್ಕೆ ಬಿಡದ ಊರಾಗ, ನಮ್ಮ ಹುಡುಗರು ಗಟ್ಟಿ ಸಪ್ಪಳ ಮಾಡ್ಕೊಂತ ಅಗಸಿ ದಾಟೋದು ಸಣ್ಣ ಮಾತಲ್ಲ. ಸಪ್ಪಳ ಇರಲಿ. ಆದ್ರ ಆ ಸಪ್ಪಳದಾಗ ನಮ್ಮ ಹೆಣ್ಣುಮಕ್ಕಳು ತಲಿ ತಗ್ಗಿಸಿ ನಡೆಯೋ ಹಂಗ ಆಗಬಾರದು. ಹಾಡು ಬದಲಾಯಿಸ್ರಿ, ಹೊಸಾವು ಬರೀರಿ. ಹಾಡೋ ಗಂಟಲು ನಮ್ಮ ಕೇರಿಯೊಳಗ ಕಮ್ಮಿ ಇಲ್ಲ.

ರಾಜ್ಯ, ಸಿನಿಮಾ, ಹಾಡು, ಮೂರನ್ನೂ ಯಾಕ ಕೂಡಿಸಿ ಹೇಳಿದೆ ಅಂದ್ರ ಮೂರರಾಗೂ "ನಮ್ಮದು" ಅನ್ನೋ ಶಬ್ದ ಬಹಳ ಓಡಾಡ್ತದ. ನಮ್ಮ ಭಾಗ, ನಮ್ಮ ಭಾಷೆ, ನಮ್ಮ ಜಾನಪದ. ಆ "ನಮ್ಮ" ಒಳಗ ನಾವು ಇದ್ದೀವೋ ಇಲ್ಲೋ ಅನ್ನೋದಷ್ಟೇ ನನ್ನ ಪ್ರಶ್ನೆ. ಕಟಿಂಗ್ ಮಾಡಿಸಲಿಕ್ಕೆ ಊರು ಬಿಟ್ಟು ಪಟ್ಟಣಕ್ಕೆ ಬರೋ ಹುಡುಗನಿಗೆ ಬೆಂಗಳೂರಿಗಿಂತ ದೂರ ಇರೋದು ಅವನ ಊರಿನ ಹೇರ್ ಕಟಿಂಗ್ ಅಂಗಡಿ.

ನಮ್ಮ ಅಳಿಯ ಸಿಟ್ಟಿನಿಂದ "ಹಿಂಗ ಎಲ್ಲಾದಕ್ಕೂ ಜಾತಿ ತಂದ್ರ ರಾಜ್ಯ ಯಾವತ್ತೂ ಆಗಂಗಿಲ್ಲ ಅತ್ತೀ" ಅಂದ. ಅವನ ಮಾತು ನನ್ನ ತಲಿಯೊಳಗ ಇನ್ನೂ ಅದ. ಅವ ಡಿಗ್ರಿ ಮುಗಿಸಿ ಎರಡು ವರ್ಷ ಆಯ್ತು, ಕೆಲಸ ಇಲ್ಲ. ಅವನ ಅವಸರ ನನಗ ತಿಳೀತದ. ಅದಕ್ಕ ನಾನು ಅರ್ಜಿ ಹರಿಲಿಲ್ಲ, ಹಿಂದೆ ಕೊಟ್ಟೆ. ಇಷ್ಟು ಸೇರಿಸ್ಕೊಂಡು ಬಾ ಅಂದೆ: ನೀರಾವರಿ ಆದಲ್ಲಿ ಭೂಮಿ ಇಲ್ಲದ ದಲಿತ ಕುಟುಂಬಕ್ಕೆ ಭೂಮಿ. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ ದುಡ್ಡು ಬ್ಯಾರೆ ಯೋಜನೆಗೆ ತಿರುಗಿಸದ ಹಂಗ ಬಿಗಿ ಕಾನೂನು. ಒಳಮೀಸಲಾತಿ ಹೊಸ ರಾಜ್ಯದಾಗೂ ಮೊದಲ ದಿನದಿಂದ. ಇನ್ನೊಂದು, ನಿಮ್ಮ ಹೋರಾಟ ಸಮಿತಿಯ ಮುಂದಿನ ಸಭೆ ನಮ್ಮ ಕೇರಿಯೊಳಗ ಆಗಲಿ, ನಮ್ಮ ವೈನಿ ಮಾಡಿದ ಚಾ ಎಲ್ಲರೂ ಕುಡೀಲಿ.

ಅವ ಏನೂ ಅನ್ನಲಿಲ್ಲ. ನಿನ್ನೆ ರಾತ್ರಿ ಫೋನ್ ಮಾಡಿದ್ದ. ಮೊದಲಿನ ಮೂರು ಬರಕೊಳ್ಳಲಿಕ್ಕೆ ಸಮಿತಿಯವರು ಒಪ್ಪ್ಯಾರಂತ. ಸಭೆ ಜಾಗದ ಬಗ್ಗೆ "ನೋಡೋಣು" ಅಂದಾರಂತ.

ಪೆನ್ನು ತಯಾರದ. ನಾನೂ ನೋಡಾಕತ್ತೀನಿ.

ಜೈಭೀಮ್.