ಒಂದು ಗಂಟೆಯ ಹಬ್ಬಕ್ಕೆ ಎರಡು ದಿನ ಮೊದಲು

ಸ್ಪೇನಿನ ಬುನ್ಯೋಲ್ ಪುಟ್ಟ ಊರು. ಆಗಸ್ಟ್ ತಿಂಗಳ ಕೊನೆಯ ಬುಧವಾರ ಅಲ್ಲಿ ಟೊಮೆಟೊ ಎರಚಾಟ; ಹೆಸರು 'ಲಾ ಟೊಮಾಟಿನಾ'. 1945ರಲ್ಲಿ ಹುಡುಗರ ಜಗಳದಿಂದ ಶುರುವಾಯಿತಂತೆ. 2011ರ 'ಜಿಂದಗಿ ನಾ ಮಿಲೇಗಿ ದೊಬಾರಾ' ಚಿತ್ರ ನೋಡಿದ ನಮ್ಮ ಮಕ್ಕಳಿಗೂ ಇದು ಗೊತ್ತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿಗೆ ಹೋಗಲು ಎರಡು ವರ್ಷ ಹಣ ಕೂಡಿಟ್ಟಿದ್ದ. ತಂದೆಯೊಡನೆ ಮನೆಗೆ ಬಂದು, "ಸಾರ್, ಬುಧವಾರ ಬೆಳಿಗ್ಗೆ 8ಕ್ಕೆ ಮ್ಯಾಡ್ರಿಡ್‌ನಲ್ಲಿ ಇಳೀತೀನಿ. ಹೋಟೆಲ್ ಖರ್ಚು ಉಳಿಯುತ್ತೆ" ಎಂದ.

"ಲೆಕ್ಕವನ್ನು ಹಿಂದಿನಿಂದ ಮಾಡಪ್ಪ" ಎಂದೆ.

ಎರಚಾಟ ಶುರುವಾಗುವುದು ಮಧ್ಯಾಹ್ನದ ಹೊತ್ತಿಗೆ. ನಡೆಯುವುದು ಒಂದೇ ಗಂಟೆ. ಅಂದು ಊರೊಳಗೆ ವಾಹನ ಬಿಡುವುದಿಲ್ಲ, ಬಸ್ಸಿಳಿದು ನಡೆಯಬೇಕು. ವೆಲೆನ್ಸಿಯಾದಿಂದ ಅಲ್ಲಿಗೆ ಸುಮಾರು 40 ಕಿ.ಮೀ. ಮ್ಯಾಡ್ರಿಡ್‌ನಿಂದ ವೆಲೆನ್ಸಿಯಾಕ್ಕೆ ವೇಗದ ರೈಲಿನಲ್ಲೂ ಸುಮಾರು 2 ಗಂಟೆ. ವಿಮಾನ ನಿಲ್ದಾಣದ ತಪಾಸಣೆ, ಸಾಮಾನಿಗಾಗಿ ಕಾಯುವುದು ಬೇರೆ. ವಿಮಾನ ಒಂದು ಗಂಟೆ ತಡವಾದರೆ ಹಬ್ಬವೇ ಕೈತಪ್ಪೀತು! ಸೋಮವಾರವೇ ವೆಲೆನ್ಸಿಯಾ ಸೇರುವುದು ಕ್ಷೇಮ.

ಬುನ್ಯೋಲ್‌ಗೆ ಸ್ಥಳೀಯ ರೈಲುಮಾರ್ಗವೂ ಇದೆ. ಆದರೆ 2024ರ ಅಕ್ಟೋಬರ್ ಪ್ರವಾಹದಲ್ಲಿ ಅದಕ್ಕೆ ಭಾರಿ ಹಾನಿಯಾಯಿತು, ವಿಚಾರಿಸದೆ ನಂಬಬಾರದು. 2013ರಿಂದ ಹಬ್ಬಕ್ಕೂ ಟಿಕೆಟ್ ಬೇಕು. ಟಿಕೆಟ್ ಜೊತೆ ಬಸ್ಸನ್ನೂ ಕಾದಿರಿಸುವುದು ಸುಲಭ. ಷೆಂಗೆನ್ ವೀಸಾಕ್ಕೆ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು. ಬದಲಿ ಬಟ್ಟೆ ಮರೆಯದಿರಲಿ. ರಸ ಸುರಿಸುವವರನ್ನು ಯಾವ ಬಸ್ಸಿನವನು ಹತ್ತಿಸಿಕೊಂಡಾನು?

ಹುಡುಗ ತಾರೀಖು ತಿದ್ದಿ ಬರೆದುಕೊಂಡ. ತಂದೆ ಮಾತ್ರ ಗೊಣಗಿದರು: "ಟೊಮೆಟೊ ಹಾಳು ಮಾಡೋಕೆ ಎರಡು ದಿನ ಮೊದಲೇ ಹೋಗ್ಬೇಕಾ ಮೇಷ್ಟ್ರೇ?"