ಲಿಂಬೆಯ ನಾಡಿನಿಂದ ಚಹಾದ ಬೆಟ್ಟಕ್ಕೆ

ನಮ್ಮ ಹೊರ್ತಿ ವಿಜಯಪುರ–ಸೊಲ್ಲಾಪುರ ಹೆದ್ದಾರಿಯ ಮೇಲಿರುವ ಊರು. ಬಸ್ಸಿನಿಂದ ಇಳಿದವರೂ ಬಸ್ಸಿಗೆ ಕಾದವರೂ ಇಲ್ಲಿ ಮೊದಲು ಕೇಳುವುದು ಚಹಾ. ಆದರೆ ಚಹಾ ಗಿಡವನ್ನು ಕಣ್ಣಾರೆ ಕಂಡವರು ನಮ್ಮ ಗೆಳೆಯರ ಗುಂಪಿನಲ್ಲಿ ಒಬ್ಬರೂ ಇರಲಿಲ್ಲ. ಕರ್ನಾಟಕದಲ್ಲೂ ಚಿಕ್ಕಮಗಳೂರು, ಹಾಸನ, ಕೊಡಗು ಜಿಲ್ಲೆಗಳಲ್ಲಿ ಅಷ್ಟಿಷ್ಟು ಚಹಾ ಬೆಳೆಯುತ್ತಾರೆ. ಬೆಟ್ಟಕ್ಕೆ ಬೆಟ್ಟವೇ ಚಹಾ ಆಗಿರುವುದನ್ನು ನೋಡಬೇಕೆಂದರೆ ನೀಲಗಿರಿಗೇ ಹೋಗಬೇಕು ಎಂದು, ಶನಿವಾರ–ಭಾನುವಾರಕ್ಕೆ ಸೋಮವಾರದ ರಜೆಯೂ ಕೂಡಿ ಬಂದಾಗ ಹೊರಟೇಬಿಟ್ಟೆವು.

ನಾವು ನಾಲ್ವರೂ ಒಂದೇ ಶಾಲೆಯಲ್ಲಿ ಕಲಿತವರು. ಒಬ್ಬ ಅಂಚೆ ಕಚೇರಿಯಿಂದ ನಿವೃತ್ತನಾದವನು, ಒಬ್ಬನದು ಕಿರಾಣಿ ಅಂಗಡಿ, ಇನ್ನೊಬ್ಬ ಲಿಂಬೆ ತೋಟದ ರೈತ. ನಾನು ಮಾಸ್ತರಿಕೆ ಮುಗಿಸಿ ಮನೆಯಲ್ಲಿರುವವನು. ತೋಟದ ಗೆಳೆಯ ಚೀಲದ ತುಂಬ ಲಿಂಬೆಹಣ್ಣು ತಂದಿದ್ದ. “ಇಷ್ಟ್ಯಾಕೋ?” ಎಂದರೆ, “ಘಾಟದಾಗ ಹೊಟ್ಟಿ ತೊಳಸಿದ್ರ ಮೂಸಾಕ ಬೇಕಾಗ್ತಾವ” ಎಂದ.

ಶುಕ್ರವಾರ ಸಂಜೆ ವಿಜಯಪುರದಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ, ರಾತ್ರಿಯಿಡೀ ಪ್ರಯಾಣ ಮಾಡಿ ಮರುದಿನ ಮೈಸೂರು ಮುಟ್ಟಿದೆವು. ಅಲ್ಲಿಂದ ಊಟಿ ಬಸ್ಸು. ಗುಂಡ್ಲುಪೇಟೆ ದಾಟಿದರೆ ಬಂಡೀಪುರದ ಕಾಡು. ಪ್ರಾಣಿಗಳ ಓಡಾಟಕ್ಕೆ ತೊಂದರೆಯಾಗದಿರಲೆಂದು ಈ ದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ ತಡೆಯಿದೆ. ಹಗಲಿನಲ್ಲಿ ಹೋದ ನಮಗೆ ಜಿಂಕೆಯ ಹಿಂಡೇ ಕಂಡಿತು. ಗೂಡಲೂರಿನಿಂದ ಏರು ಶುರುವಾಯಿತು, ಚಹಾ ತೋಟಗಳೂ ಶುರುವಾದವು. ತಿರುವು ತಿರುವಿಗೂ ಲಿಂಬೆಹಣ್ಣು ಕೈಯಿಂದ ಕೈಗೆ ಓಡಾಡಿತು. ನಮ್ಮ ಮುಂದಿನ ಸೀಟಿನ ಮಕ್ಕಳಿಗೂ ಎರಡು ಹೋದವು.

ಭಾನುವಾರ ಬೆಳಿಗ್ಗೆ ಊಟಿಯಿಂದ ಕೂನೂರಿಗೆ ಪುಟ್ಟ ರೈಲಿನಲ್ಲಿ ಹೋದೆವು. ಮಕ್ಕಳೇ, ಈ ರೈಲು ಮೇಟ್ಟುಪಾಳಯದಿಂದ ಕೂನೂರಿಗೆ ಬಂದದ್ದು 1899ರಲ್ಲಿ, ಊಟಿ ತಲುಪಿದ್ದು 1908ರಲ್ಲಿ. 46 ಕಿಲೋಮೀಟರ್ ದಾರಿಯಲ್ಲಿ 16 ಸುರಂಗಗಳಿವೆ. ಕೂನೂರಿನ ಕೆಳಗಿನ ಕಡಿದಾದ ಏರಿನಲ್ಲಿ ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದೆ. ಎಂಜಿನ್ನಿನ ಹಲ್ಲುಗಾಲಿ ಅದನ್ನು ಕಚ್ಚಿಕೊಂಡು ಮೇಲೇರುತ್ತದೆ. 2005ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಚಹಾ ಗಿಡ ಹತ್ತಿರದಿಂದ ಕಂಡಾಗ ಬೆರಗಾಯಿತು. ತನ್ನಷ್ಟಕ್ಕೆ ಬಿಟ್ಟರೆ ಅದು ಮರವಾಗುತ್ತದಂತೆ! ಕೀಳಲು ಕೈಗೆಟುಕಲೆಂದು ಸವರಿ ಸವರಿ ಸೊಂಟದ ಮಟ್ಟಕ್ಕೆ ನಿಲ್ಲಿಸುತ್ತಾರೆ. ಕೀಳುವುದು ತುದಿಯ ಎರಡು ಎಳೆ ಎಲೆ, ಒಂದು ಮೊಗ್ಗು ಮಾತ್ರ. ಈ ಗಿಡಕ್ಕೆ ಮಳೆ ಬೇಕು, ಆದರೆ ಬುಡದಲ್ಲಿ ನೀರು ನಿಲ್ಲಬಾರದು. ಮಣ್ಣು ತುಸು ಹುಳಿಯಾಗಿರಬೇಕು. ಅದಕ್ಕೇ ಇಳಿಜಾರು ಬೆಟ್ಟ ಅದಕ್ಕೆ ಒಗ್ಗುತ್ತದೆ. ನೀರು ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿ ಬಿರುಕು ಬಿಡುವ ನಮ್ಮ ಎರಿ ಭೂಮಿಯಲ್ಲಿ ಅದು ಬದುಕದು.

ಅಲ್ಲೇ ಒಂದು ಕಾರ್ಖಾನೆಯ ಒಳಗೂ ಹೋದೆವು. ತಂದ ಎಲೆಯನ್ನು ಗಾಳಿಯಲ್ಲಿ ಬಾಡಿಸುತ್ತಾರೆ, ಯಂತ್ರದಲ್ಲಿ ಅರೆದು ಸುರುಳಿ ಮಾಡುತ್ತಾರೆ, ಗಾಳಿಗೆ ಬಿಟ್ಟು ಬಣ್ಣ ತಿರುಗಿಸುತ್ತಾರೆ. ಆಮೇಲೆ ಬಿಸಿಗಾಳಿಯಲ್ಲಿ ಒಣಗಿಸಿ ಜರಡಿ ಹಿಡಿಯುತ್ತಾರೆ. ಸುಮಾರು ನಾಲ್ಕೂವರೆ ಕಿಲೋ ಹಸಿರೆಲೆಗೆ ಒಂದು ಕಿಲೋ ಪುಡಿ. 40 ವರ್ಷದಿಂದ ಚಹಾ ಪುಡಿ ತೂಗಿ ಮಾರಿದ ಅಂಗಡಿ ಗೆಳೆಯ ಇದನ್ನು ಕೇಳಿ ಸುಮ್ಮನೆ ನಿಂತುಬಿಟ್ಟ.

ಮಧ್ಯಾಹ್ನ ಕೋತಗಿರಿ ದಾರಿಯಲ್ಲಿ ಒಂದು ಹಟ್ಟಿಗೆ ನಡೆದೆವು. ಹಟ್ಟಿ ಎಂದರೆ ಬಡಗರ ಊರು. ಬಡಗ ಎಂದರೆ ಉತ್ತರ. ಶತಮಾನಗಳ ಹಿಂದೆ ಉತ್ತರದ ಮೈಸೂರು ಸೀಮೆಯಿಂದ ಬೆಟ್ಟ ಏರಿ ಬಂದವರೆಂದು ಅವರಿಗೆ ಆ ಹೆಸರು. ಅವರ ಮಾತು ಕನ್ನಡಕ್ಕೆ ತೀರ ಹತ್ತಿರದ್ದು. ತಮಿಳಿನ ‘ಪಾಲ್’, ‘ಪತ್ತು’ ಅವರಲ್ಲಿ ನಮ್ಮಂತೆಯೇ ಹಾಲು, ಹತ್ತು. 2637 ಮೀಟರ್ ಎತ್ತರದ ಅಲ್ಲಿನ ಶಿಖರದ ಹೆಸರೂ ದೊಡ್ಡಬೆಟ್ಟ!

ಹಟ್ಟಿಯ ಅಂಚಿನಲ್ಲಿ ಹಿರಿಯರೊಬ್ಬರು ತಮ್ಮ ಚಿಕ್ಕ ತೋಟದ ಎಲೆಯ ಮೂಟೆಗಳನ್ನು ಕಟ್ಟಿ ವ್ಯಾನಿಗೆ ಕಾಯುತ್ತಿದ್ದರು. ಹೆಣ್ಣುಮಕ್ಕಳು ಇನ್ನೂ ಎಲೆ ಕೀಳುತ್ತಿದ್ದರು. ತೋಟದ ಗೆಳೆಯ ಸುಮ್ಮನಿರಲಿಲ್ಲ. “ಯಜಮಾನ್ರ, ಎಲಿಗೆ ರೇಟ್ ಹೆಂಗ್ರಿ?” ಎಂದ. ಅವರು ಅವರ ಮಾತಿನಲ್ಲಿ ಹೇಳಿದರು, ನಾವು ನಮ್ಮ ಮಾತಿನಲ್ಲಿ ಕೇಳಿದೆವು; ಅರ್ಧಕ್ಕಿಂತ ಹೆಚ್ಚು ತಿಳಿಯಿತು, ಉಳಿದದ್ದನ್ನು ಕೈಸನ್ನೆ ತುಂಬಿತು.

ಎಲೆಯ ದರ ಅವರ ಕೈಯಲ್ಲಿಲ್ಲ. ಇವತ್ತು ಕಿತ್ತದ್ದು ಇವತ್ತೇ ಕಾರ್ಖಾನೆ ಸೇರಬೇಕು, ತಡವಾದರೆ ಕಂದುತ್ತದೆ. ಬೆಲೆ ಬಿದ್ದಿದೆ ಎಂದು ಕೀಳದೆ ಬಿಟ್ಟರೆ ಎಲೆ ಬಲಿತು ಕೆಲಸಕ್ಕೆ ಬಾರದು. ಮಕ್ಕಳು ಕೊಯಮತ್ತೂರಿನಲ್ಲಿ ಕೆಲಸಕ್ಕಿದ್ದಾರೆ. ತಂದೆಯ ಕಾಲದಲ್ಲಿ ಇದೇ ಹೊಲದಲ್ಲಿ ರಾಗಿ, ಸಾಮೆ, ಆಲೂಗಡ್ಡೆ ಇತ್ತು. ರಾಗಿಯಾದರೆ ಕಾಯುತ್ತಿತ್ತು ಎಂದರು.

“ನಮ್ದೂ ಅದ ಹಣೆಬರಹ ಬಿಡ್ರಿ. ಹಣ್ಣಾದ ಲಿಂಬಿ, ಬೆಲಿ ಬರೂತನಕ ಗಿಡದಾಗ ಕುಂದ್ರಂಗಿಲ್ಲ” ಎಂದ ಗೆಳೆಯ.

ಕಾಯುವ ಬೆಳೆ, ಕಾಯದ ಬೆಳೆ. ಅಜ್ಜ ಅಜ್ಜಿಯರಿಗೆ ಇದು ಚೆನ್ನಾಗಿ ಗೊತ್ತು. ನಮ್ಮ ಕಡೆ ಬಿಳಿಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟು ಬರಗಾಲಕ್ಕೆ ತೆಗೆಯುತ್ತಿದ್ದರು. ಈಗ ಲಿಂಬೆ, ದ್ರಾಕ್ಷಿ, ದಾಳಿಂಬೆ ಬಂದಿವೆ. ಇಂಡಿಯ ಲಿಂಬೆಗೆ ಜಿಐ ಮಾನ್ಯತೆಯೂ ಸಿಕ್ಕಿದೆ. ಕೈಗೆ ನಾಲ್ಕು ಕಾಸು ಬರುತ್ತದೆ, ನಿಜ. ಆದರೆ ಹಗೇವಿನಲ್ಲಿ ಲಿಂಬೆ ತುಂಬಿಡಲಾಗದು. ಎಂಟು ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಇಬ್ಬರು ರೈತರು ಒಂದೇ ಮಾತಿಗೆ ತಲೆಯಾಡಿಸಿದ್ದು ಅದಕ್ಕೇ.

ಹೊರಡುವಾಗ ಗೆಳೆಯ ಚೀಲದಲ್ಲಿ ಉಳಿದಿದ್ದ ಲಿಂಬೆಯನ್ನೆಲ್ಲ ಅವರ ಮುಂದಿಟ್ಟ. ಅವರು ಒಳಗೆ ಹೇಳಿ ಹಾಲಿಲ್ಲದ ಚಹಾ ತರಿಸಿ, ಅದಕ್ಕೇ ಎರಡು ಹನಿ ಹಿಂಡಿಸಿ ಕೊಟ್ಟರು. ಆ ಚಳಿಯಲ್ಲಿ ಅದರಷ್ಟು ರುಚಿ ಬೇರಾವುದೂ ಇರಲಿಲ್ಲ.

ಮಕ್ಕಳೇ, ನಿಮಗೊಂದು ಲೆಕ್ಕ: ಒಂದು ಕಪ್ ಚಹಾಕ್ಕೆ 2 ಗ್ರಾಂ ಪುಡಿ ಎಂದಿಟ್ಟುಕೊಳ್ಳಿ. ನಿಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಕಪ್? ಅದಕ್ಕೆ ಎಷ್ಟು ಗ್ರಾಂ ಹಸಿರೆಲೆ ಕೀಳಬೇಕು? ಲೆಕ್ಕ ಮುಗಿದ ಮೇಲೆ ಅಜ್ಜನ ಬಳಿ ಕುಳಿತು, ನಿಮ್ಮೂರಿನ ಹಗೇವು ಎಲ್ಲಿತ್ತು ಎಂದು ಕೇಳಿ.