ಅಮ್ಮಾ, ಸ್ವಲ್ಪ ಪಕ್ಕಕ್ಕೆ ಸರಿ

“ಅಮ್ಮಾ, ಸ್ವಲ್ಪ ಪಕ್ಕಕ್ಕೆ ಸರಿ. ಫ್ರೇಮ್‌ಗೆ ಬರ್ತಿದ್ದೀಯ.”

ಆ ದಿನ ಈ ಮಾತನ್ನು ಎಷ್ಟು ಸಲ ಹೇಳಿದೆನೋ ನನಗೇ ಲೆಕ್ಕವಿಲ್ಲ. ಅಮ್ಮ ಒಂದು ಸಲವೂ ಎದುರು ಮಾತಾಡಲಿಲ್ಲ. ಶಾಲು ಸರಿಮಾಡಿಕೊಂಡು, ಹೆಗಲಿನ ಬ್ಯಾಗು ಎತ್ತಿಕೊಂಡು, ನನ್ನ ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದಳು.

ನಾವಿದ್ದದ್ದು ನೇಪಾಳದ ಭಕ್ತಪುರದಲ್ಲಿ. ಕಠ್ಮಂಡುವಿನಿಂದ ಪೂರ್ವಕ್ಕೆ ಸುಮಾರು 13 ಕಿಲೋಮೀಟರ್. ಸಮುದ್ರಮಟ್ಟದಿಂದ ಸುಮಾರು 1,400 ಮೀಟರ್ ಎತ್ತರದಲ್ಲಿರುವ, ಮಲ್ಲ ರಾಜರು ಆಳಿದ ಹಳೇ ಊರು. ಸುತ್ತ ಬೆಟ್ಟ, ನಡುವೆ ಕೆಂಪು ಇಟ್ಟಿಗೆಯ ಮನೆಗಳು, ಕಪ್ಪಗಾದ ಮರದ ಕೆತ್ತನೆಯ ಕಿಟಕಿಗಳು.

ನಿಜ ಹೇಳಬೇಕೆಂದರೆ ಆ ಪ್ರವಾಸ ಅಮ್ಮನದು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಪಶುಪತಿನಾಥನ ದರ್ಶನಕ್ಕೆ ಇಬ್ಬರೂ ಒಟ್ಟಿಗೆ ಹೋಗಬೇಕು ಅಂತ ಆಸೆಪಟ್ಟಿದ್ದರು, ಆಗಲಿಲ್ಲ. ಅಮ್ಮನ ಹತ್ತಿರ ಪಾಸ್‌ಪೋರ್ಟ್ ಇಲ್ಲ. ನೇಪಾಳಕ್ಕೆ ವೋಟರ್ ಐಡಿ ಸಾಕು ಅಂತ ಗೊತ್ತಾದ ಮೇಲೆ ನಾನೇ ಟಿಕೆಟ್ ಬುಕ್ ಮಾಡಿದೆ. ಪಶುಪತಿನಾಥನ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದ ಕಡೆಯವರು. ಪ್ರಸಾದ ಕೊಟ್ಟವರು “ಯಾವೂರು?” ಅಂತ ಕನ್ನಡದಲ್ಲೇ ಕೇಳಿದಾಗ ಅಮ್ಮನಿಗೆ ಶಿವಮೊಗ್ಗ ಅನ್ನುವಷ್ಟರಲ್ಲಿ ಗಂಟಲು ಕಟ್ಟಿಹೋಯಿತು. ಒಳಗೆ ಫೋಟೊ ತೆಗೆಯುವ ಹಾಗಿಲ್ಲ. ಅವತ್ತು ನನ್ನ ಕ್ಯಾಮೆರಾ ಬ್ಯಾಗಿನಲ್ಲೇ ಇತ್ತು. ಅಮ್ಮನ ಕೈ ನನ್ನ ಕೈಯಲ್ಲಿತ್ತು.

ಉಳಿದ ಮೂರು ದಿನ ನನ್ನದು ಅಂತ ನಾನೇ ತೀರ್ಮಾನಿಸಿಕೊಂಡೆ.

ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತು, ಶನಿವಾರ ಸಂಜೆ ಚಿಕ್ಕಪೇಟೆಯ ಗಲ್ಲಿಗಳಲ್ಲಿ ಫೋಟೊ ತೆಗೆಯುತ್ತ ಅಲೆಯುವುದು ನನ್ನ ಹುಚ್ಚು. ಸೆಕೆಂಡ್ ಹ್ಯಾಂಡ್ ಕ್ಯಾಮೆರಾದ ಕಂತು ಇನ್ನೂ ಮುಗಿದಿಲ್ಲ. ಸಂಜೆ ಬಿಸಿಲಿನ ಮೋಹ ಹಿಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಸೂರ್ಯ ಕೆಳಗಿಳಿದಂತೆ ಬೆಳಕು ಹೆಚ್ಚು ಗಾಳಿಯ ಪದರ ದಾಟಿ ಬರಬೇಕು. ದಾರಿಯಲ್ಲಿ ನೀಲಿ ಚದುರಿ, ಹಳದಿ, ಕೆಂಪು ಉಳಿಯುತ್ತದೆ. ಆ ಬೆಳಕು ಇಟ್ಟಿಗೆ ಗೋಡೆಗೆ ಓರೆಯಾಗಿ ಬಿದ್ದರೆ ಒಂದೊಂದು ಗೀರೂ, ಒಂದೊಂದು ಸಂದೂ ಎದ್ದು ಕಾಣುತ್ತದೆ. ಮಧ್ಯಾಹ್ನ ಚಪ್ಪಟೆಯಾಗಿದ್ದ ಗೋಡೆ ನಾಲ್ಕು ಗಂಟೆಗೆ ಮುಟ್ಟಬೇಕು ಅನ್ನಿಸುವ ಹಾಗಾಗುತ್ತದೆ.

ಆದರೆ ಬೆಟ್ಟದೂರಿನ ಬೆಳಕಿಗೆ ಬೇರೆಯದೇ ಲೆಕ್ಕ. ನೇಪಾಳದ ಗಡಿಯಾರ ನಮಗಿಂತ ಕಾಲು ಗಂಟೆ ಮುಂದೆ. ನನ್ನ ಫೋನು ತಾನಾಗಿಯೇ ಬದಲಾಯಿತು. ಅಮ್ಮನ ಕೈಗಡಿಯಾರ ಬದಲಾಗಲಿಲ್ಲ. “ಕಾಲು ಗಂಟೆಗೆಲ್ಲ ಯಾರು ಮುಳ್ಳು ತಿರುಗಿಸ್ತಾರೆ ಬಿಡೇ” ಅಂದಳು. ನವೆಂಬರ್ ಮೊದಲ ವಾರ. ಸೂರ್ಯಾಸ್ತ 5:15ರ ಆಸುಪಾಸು ಅಂತ ಆ್ಯಪ್ ಹೇಳುತ್ತಿತ್ತು. ಆ್ಯಪಿಗೆ ಬಯಲು ಸೀಮೆಯ ದಿಗಂತ ಮಾತ್ರ ಗೊತ್ತು, ಪಶ್ಚಿಮಕ್ಕಿರುವ ಬೆಟ್ಟದ ಸಾಲು ಗೊತ್ತಿಲ್ಲ. ಸೂರ್ಯ ಅದಕ್ಕಿಂತ ಎಷ್ಟೋ ಮೊದಲೇ ಬೆಟ್ಟದ ಹಿಂದೆ ಜಾರುತ್ತಾನೆ. ಅದಕ್ಕೂ ಮೊದಲು ಗಲ್ಲಿಯ ನೆಲ ಕತ್ತಲಾಗುತ್ತದೆ, ಆಮೇಲೆ ಬಾಗಿಲು, ಆಮೇಲೆ ಮೊದಲ ಮಹಡಿ. ಕೊನೆಗೆ ಮೇಲಿನ ಕಿಟಕಿಯಲ್ಲಿ ತೂಗುಹಾಕಿದ ಒಣಮೆಣಸಿನಕಾಯಿ ಗೊಂಚಲಿನ ಮೇಲೆ ಮಾತ್ರ ಒಂದು ಚೂರು ಬಿಸಿಲು ಉಳಿದಿರುತ್ತದೆ.

ಹಾಗಾಗಿ ನಾನು ಓಡುತ್ತಿದ್ದೆ. ಅಮ್ಮ ಮಂಡಿ ಹಿಡಿದುಕೊಂಡು ಹಿಂದೆ ಬರುತ್ತಿದ್ದಳು.

ಕುಂಬಾರರ ಚೌಕಕ್ಕೆ ಬಂದಾಗ ಮೂರೂವರೆ. ಮಡಕೆಗಳು ಸಾಲಾಗಿ ಬಿಸಿಲಿಗೆ ಒಣಗುತ್ತಿದ್ದವು. ಪಕ್ಕದಲ್ಲೇ ಚಾಪೆ ಹಾಸಿ ಹೊಸ ಭತ್ತ ಹರವಿದ್ದರು. ಹೆಂಗಸರು ಮೊರದಲ್ಲಿ ಭತ್ತ ತೂರುತ್ತಿದ್ದರೆ ಎದ್ದ ಹೊಟ್ಟಿನ ಧೂಳೆಲ್ಲ ಚಿನ್ನದ ಬಣ್ಣ. ನಾನು ಮಂಡಿಯೂರಿ ಕ್ಲಿಕ್ ಮಾಡುತ್ತ ಹೋದೆ. ಕೆಂಪು ಅಂಚಿನ ಕಪ್ಪು ಸೀರೆ ಉಟ್ಟ ಅಜ್ಜಿಯೊಬ್ಬರು ಕಟ್ಟೆಯ ಮೇಲೆ ಕೂತಿದ್ದರು. ಮುಖದ ಅರ್ಧಕ್ಕೆ ಬಿಸಿಲು, ಅರ್ಧಕ್ಕೆ ನೆರಳು. ಲೆನ್ಸ್ ಅತ್ತ ತಿರುಗಿಸಿದೆ. ಅಜ್ಜಿ ಅಂಗೈ ಅಡ್ಡ ಹಿಡಿದರು.

ನನಗೆ ಒಳಗೊಳಗೇ ಬೇಜಾರು. ಎಂಥಾ ಫ್ರೇಮು ಹೋಯಿತಲ್ಲ ಅಂತ.

“ಅವರನ್ನ ಕೇಳಿದ್ಯಾ?” ಅಂದಳು ಅಮ್ಮ. “ನಿಮ್ಮಜ್ಜಿ ಕಣದಲ್ಲಿ ಭತ್ತ ತೂರುವಾಗ ಯಾರೋ ಬಂದು ಹೀಗೆ ಮುಖಕ್ಕೆ ಹಿಡಿದಿದ್ರೆ ಸುಮ್ನಿರ್ತಿದ್ದಳಾ?”

ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ಅಮ್ಮ ಹೋಗಿ ಅಜ್ಜಿಯ ಪಕ್ಕ ಕೂತಾಗಿತ್ತು. ಅವರಿಗೆ ಕನ್ನಡ ಬಾರದು, ಅಮ್ಮನಿಗೆ ನೇವಾರಿ ಬಾರದು, ಇಬ್ಬರಿಗೂ ಹಿಂದಿ ಅಷ್ಟಕ್ಕಷ್ಟೆ. ಆದರೂ ಅಮ್ಮ ಒಂದು ಮುಷ್ಟಿ ಭತ್ತ ಎತ್ತಿಕೊಂಡು ಅಂಗೈಯಲ್ಲಿ ಉಜ್ಜಿ, ಊದಿ, ಕಾಳು ನೋಡಿ ತಲೆದೂಗಿದಳು. ಅಜ್ಜಿ ನಕ್ಕರು. ಎದುರಿನ ಮನೆ ತೋರಿಸಿ ಏನೋ ಹೇಳಿ, ಎರಡೂ ಕೈ ಅಲುಗಾಡಿಸಿ ಕೆಳಗೆ ಬಿಟ್ಟರು. ಭೂಕಂಪ ಅಂತ ಅರ್ಥವಾಗಲು ಭಾಷೆ ಬೇಕಿರಲಿಲ್ಲ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಸುಮಾರು 9 ಸಾವಿರ ಜನ ಸತ್ತರು. ಭಕ್ತಪುರಕ್ಕೆ ಬಿದ್ದ ಪೆಟ್ಟು ಸಣ್ಣದಲ್ಲ. ಆ ಬೀದಿಯಲ್ಲಿ ಹಳೇ ಗೋಡೆಗಳ ನಡುನಡುವೆ ಕಾಣುತ್ತಿದ್ದ ಹೊಸ ಇಟ್ಟಿಗೆಯನ್ನು ನಾನು ಅಲ್ಲಿಯವರೆಗೆ ‘ಕಲರ್ ಮ್ಯಾಚ್ ಆಗಲ್ಲ’ ಅಂತ ಫ್ರೇಮಿನಿಂದ ಹೊರಗಿಡುತ್ತಿದ್ದೆ.

ಅವರಿಬ್ಬರ ಫೋಟೊ ತೆಗೆಯಬಹುದಿತ್ತು. ಕೇಳಿದ್ದರೆ ಅಜ್ಜಿ ಈಗ ಒಪ್ಪುತ್ತಿದ್ದರೇನೋ. ಆದರೆ ಬೆಳಕು ಹೋಗುತ್ತಿತ್ತಲ್ಲ. “ಅಮ್ಮಾ, ಬೇಗ ಬಾ” ಅಂದೆ.

ತೌಮಧಿ ಚೌಕದಲ್ಲಿ ಐದಂತಸ್ತಿನ ನ್ಯಾತಪೋಲ ದೇವಸ್ಥಾನವಿದೆ. 1702ರಲ್ಲಿ ಭೂಪತೀಂದ್ರ ಮಲ್ಲ ಕಟ್ಟಿಸಿದ್ದು. 1934ರ ಭೂಕಂಪಕ್ಕೂ ಬೀಳಲಿಲ್ಲ, 2015ರದ್ದಕ್ಕೂ ಬೀಳಲಿಲ್ಲ. ಮೆಟ್ಟಿಲಿನ ಇಕ್ಕೆಲದಲ್ಲಿ ಜಟ್ಟಿಗಳು, ಮೇಲೆ ಆನೆ, ಅದರ ಮೇಲೆ ಸಿಂಹ. ಒಂದೊಂದು ಜೋಡಿಗೂ ಕೆಳಗಿನದಕ್ಕಿಂತ ಹತ್ತು ಪಟ್ಟು ಬಲ ಅಂತ ನಂಬಿಕೆ. ಅಮ್ಮ ಆನೆಯವರೆಗೆ ಹತ್ತಿ, “ನನ್ನ ಬಲ ಇಷ್ಟೇ” ಅಂತ ಅಲ್ಲೇ ಕೂತಳು. ನಾನು ಕೆಳಗೆ, ಪಶ್ಚಿಮಕ್ಕೆ ಮುಖ ಮಾಡಿದ ಭೈರವನಾಥನ ಗುಡಿಯ ಮೇಲೆ ಬೀಳುತ್ತಿದ್ದ ಕೊನೆಯ ಬಿಸಿಲಿನ ಹಿಂದೆ ಬಿದ್ದೆ. ಹತ್ತು ನಿಮಿಷ ಸಿಕ್ಕಿರಬಹುದು. ಯಾರೋ ಸ್ವಿಚ್ ಆರಿಸಿದಂತೆ ಎಲ್ಲ ಬೂದಿ ಬಣ್ಣವಾಯಿತು.

ವಾಪಸ್ ಬಂದಾಗ ಅಮ್ಮನ ಪಕ್ಕದಲ್ಲಿ ಎರಡು ಮಣ್ಣಿನ ಕುಡಿಕೆ. ಈ ಊರಿನ ಹೆಸರುವಾಸಿ ಮೊಸರು, ಜುಜು ಧೌ. ಮೊಸರುಗಳ ರಾಜ ಅಂತ ಅರ್ಥವಂತೆ. ಅವಳ ಕುಡಿಕೆಯೂ ತುಂಬಿತ್ತು. ನಾನು ಬರಲಿ ಅಂತ ಕಾದಿದ್ದಳು.

ಚಳಿಯಲ್ಲಿ ಇಬ್ಬರೂ ಸಿಹಿ ಮೊಸರು ತಿಂದೆವು. ಅರ್ಧ ಮುಗಿದ ಮೇಲೆ ಅಮ್ಮ ಮೆಲ್ಲಗೆ ಅಂದಳು: “ನಿಮ್ಮಪ್ಪನ ರೀಲಲ್ಲಿ ಇದ್ದದ್ದೇ 36 ಫೋಟೊ. ಅದ್ರಲ್ಲಿ ಒಂದಾದ್ರೂ ನಂದು ತೆಗೀತಿದ್ರು.”

ಕೋಪದಲ್ಲಿ ಹೇಳಲಿಲ್ಲ. ಹೇಳಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ರಾತ್ರಿ ಲಾಡ್ಜಿನಲ್ಲಿ ರಜಾಯಿ ಹೊದ್ದು ನೋಡುತ್ತ ಕೂತೆ. 612 ಫೋಟೊ. ಕಿಟಕಿ, ಗೋಡೆ, ಮಡಕೆ, ನಾಯಿ, ಪಾರಿವಾಳ. ಅಮ್ಮ ಒಂದರಲ್ಲೂ ಇಲ್ಲ. ಎರಡನೇ ಸಲ ನೋಡುವಾಗ ಕಂಡಿತು. ಕೆಲವು ಫೋಟೊಗಳ ಕೆಳಗಡೆ, ಕಲ್ಲುಹಾಸಿನ ಮೇಲೆ ನನ್ನ ನೆರಳು. ಅದರ ಪಕ್ಕ ಇನ್ನೊಂದು. ಶಾಲು, ಹೆಗಲಲ್ಲಿ ಬ್ಯಾಗು, ಸ್ವಲ್ಪ ಬಲಕ್ಕೆ ವಾಲಿದ ನಿಲುವು. ಎಡ ಮಂಡಿ ನೋಯುವವರು ಹಾಗೇ ನಿಲ್ಲುವುದು.

ಸೂರ್ಯ ಹತ್ತು ಡಿಗ್ರಿ ಎತ್ತರದಲ್ಲಿದ್ದಾಗ ಐದಡಿ ಮನುಷ್ಯರ ನೆರಳು ಸುಮಾರು 28 ಅಡಿ ಉದ್ದ ಬೀಳುತ್ತದೆ. ನಾನು ಬೆನ್ನ ಹಿಂದೆ ಕಳಿಸಿದಷ್ಟೂ ಅಮ್ಮ ಫ್ರೇಮಿನ ಒಳಗೆ ಬಂದಿದ್ದಳು. ಎಣಿಸಿದೆ, ಹದಿನಾಲ್ಕು ಫೋಟೊ. ಅದರಲ್ಲಿ ಎರಡನ್ನು ಸಂಜೆಯೇ, ನೆರಳು ಕ್ರಾಪ್ ಮಾಡಿ, ಸ್ಟೇಟಸ್‌ಗೆ ಹಾಕಿಯೂ ಆಗಿತ್ತು. ಪಕ್ಕದ ಮಂಚದಲ್ಲಿ ಅಮ್ಮ ಗೊರಕೆ ಹೊಡೆಯುತ್ತಿದ್ದಳು. ನನಗೆ ತುಂಬಾ ಹೊತ್ತು ನಿದ್ದೆ ಬರಲಿಲ್ಲ.

ಮರುದಿನ ಕಠ್ಮಂಡುವಿಗೆ ಹೋಗುವ ಪ್ಲಾನ್ ಬಿಟ್ಟು ಅದೇ ಗಲ್ಲಿಗೆ ಹೋದೆವು. “ಇಲ್ಲಿ ನಿಲ್ಲು, ಬಿಸಿಲ ಕಡೆ ತಿರುಗು” ಅಂದೆ. ಅಮ್ಮ ಆಧಾರ್ ಕಾರ್ಡಿಗೆ ನಿಂತ ಹಾಗೆ ಸೆಟೆದು ನಿಂತಳು. “ನಗು” ಅಂದರೆ “ಯಾಕೆ?” ಅಂದಳು. ಬಿಸಿಲು ಕಣ್ಣಿಗೆ ಹೊಡೆದು ಅರ್ಧ ಫೋಟೊದಲ್ಲಿ ಕಣ್ಣು ಮುಚ್ಚಿದೆ. ಫೋಟೊಗ್ರಫಿ ಲೆಕ್ಕದಲ್ಲಿ ಒಂದೂ ಅಷ್ಟಾಗಿ ಚೆನ್ನಾಗಿಲ್ಲ. ಆದರೆ ಅವತ್ತು ನಾವು ಓಡಲಿಲ್ಲ. ಕತ್ತಲಾಗುವವರೆಗೆ ಕಟ್ಟೆಯ ಮೇಲೆ ಕೂತು, ಬೆಳಕು ಒಂದೊಂದೇ ಮಹಡಿ ಹತ್ತಿ ಹೋಗುವುದನ್ನು ನೋಡಿದೆವು.

ಊರಿಗೆ ಬಂದ ಮೇಲೆ, ಯಾವುದನ್ನು ಪ್ರಿಂಟ್ ಹಾಕಿಸಲಿ ಅಂತ ಎಲ್ಲವನ್ನೂ ತೋರಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು, ತನ್ನ ಒಂದೊಂದೇ ಫೋಟೊ ಸರಿಸುತ್ತ, “ಇದು ಬೇಡ, ಇದೂ ಬೇಡ” ಅನ್ನುತ್ತ ಹೋದಳು. ಕೊನೆಗೆ ಬೆರಳು ನಿಂತದ್ದು ಮೊದಲ ದಿನದ ಗಲ್ಲಿಯ ಫೋಟೊ ಮೇಲೆ.

“ಇದನ್ನ ಹಾಕ್ಸು. ಇದ್ರಲ್ಲಿ ಇಬ್ರೂ ಇದ್ದೀವಿ.”

ಶಿವಮೊಗ್ಗದ ಸ್ಟುಡಿಯೊಕ್ಕೆ ಪೆನ್‌ಡ್ರೈವ್ ತಗೊಂಡು ಹೋದೆ. ಹುಡುಗ ಫೋಟೊ ತೆರೆದು, ಹಿಂದೆ ಮುಂದೆ ನೋಡಿ ಕೇಳಿದ: “ಮೇಡಂ, ಕೆಳಗಡೆ ನೆರಳು ಬಂದಿದೆ. ಕಟ್ ಮಾಡ್ಲಾ?”

“ಬೇಡ,” ಅಂದೆ. “ಅದಕ್ಕೇ ಪ್ರಿಂಟ್ ಹಾಕಿಸ್ತಿರೋದು.”